ಬೋಜಾ ಸಮೇತ ಖರೀದಿ: ಒತ್ತೆ ಬಿದ್ದ ಆಸ್ತಿಯನ್ನು ಕೊಳ್ಳುವುದರ ಮಾತು ಮತ್ತು ಕಾನೂನು

ಆನ್‌ಲೈನ್ ವಿಚಾರಸಂಕಿರಣದಲ್ಲಿ ಅಂದು ಆಡಿದ ಮಾತನ್ನು ಬಹಳ ತಿದ್ದದೆ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಕನ್ನಡ ಎಂ.ಎ. ಓದುವಾಕಿ ಹೊಲ-ಮನಿ ಸಾಲದ ಬಗ್ಗೆ ಯಾಕ ಮಾತಾಡ್ತಾಳ ಅಂತ ನಿಮಗೆ ಅನ್ನಿಸಬಹುದು. ನನ್ನ ಉತ್ತರ ಸರಳ. ನಾವು ಶಾಸನ ಓದುತ್ತೇವೆ. ದತ್ತಿ ಕೊಟ್ಟವರು ಯಾರು, ಭೂಮಿಯ ಎಲ್ಲೆ ಯಾವುದು, ತಪ್ಪಿದವರಿಗೆ ಶಾಪ ಏನು ಅಂತ ಬಿಡಿಸುತ್ತೇವೆ. ಸಾವಿರ ವರ್ಷದ ಹಿಂದಿನ ಭೂಮಿಯ ಕಾಗದ ಸಾಹಿತ್ಯ ವಿಭಾಗದ ವಿಷಯ ಆಗುವುದಾದರೆ, ಇವತ್ತಿನ ಖರೀದಿಪತ್ರ ಯಾಕೆ ಆಗಬಾರದು? ಅದರಲ್ಲೂ ನಾನು ಬಂದಿರುವುದು ಅಕ್ಕಲಕೋಟ ತಾಲೂಕಿನ ಕುರನೂರಿನಿಂದ. ಬೋರಿ ನದಿಗೆ ಕಟ್ಟಿದ ಧರಣ ಇರುವ ಊರು. ಮನೆಯಲ್ಲಿ ಕನ್ನಡ, ತಲಾಠಿ ಕಚೇರಿಯಲ್ಲಿ ಮರಾಠಿ, ಬ್ಯಾಂಕಿನ ಫಾರ್ಮಿನಲ್ಲಿ ಇಂಗ್ಲಿಷ್. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ತಾಲೂಕನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದು ಹೇಳಿತ್ತು, ಅದು ಆಗಲಿಲ್ಲ. ಗಡಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಹೀಗಾಗಿ ಒಂದು ಹೊಲ ಕೊಳ್ಳುವಾಗ ನಮ್ಮ ಮಂದಿ ಮೂರು ಭಾಷೆ ದಾಟಬೇಕು. ಆ ದಾಟುವಿಕೆಯಲ್ಲಿ ಅರ್ಥ ಸೋರಿದರೆ ಹೊಲವೇ ಸೋರಿಹೋಗ್ತದ. ನನ್ನ ಮಾತಿನ ತಿರುಳು ಇದು.

1. ವಿಷಯ ಏನು?

ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರಿಂದಾಗಿ ಪೇಟೆಯ ಸುತ್ತಿನ ಜಾಗಕ್ಕೆ ಬೇಡಿಕೆ ಅದ. ಧರಣದ ನೀರು ಸಿಗುವ ಹೊಲಕ್ಕೂ ಅಷ್ಟೇ. ದುಡ್ಡು ಇದ್ದವರು ಭೂಮಿಯಲ್ಲಿ ಹಾಕಲು ನೋಡುತ್ತಾರೆ. ಆದರೆ ಮಾರಲು ಬರುವ ಆಸ್ತಿಯ ಮೇಲೆ ಆಗಲೇ ಸೊಸೈಟಿಯದೋ ಬ್ಯಾಂಕಿನದೋ ಸಾಲ ಇರುವುದು ಸಾಮಾನ್ಯ. ಮಾರುವವನ ಕೈಯಲ್ಲಿ ಅದನ್ನು ತೀರಿಸುವ ದುಡ್ಡಿಲ್ಲ. ಕೊಳ್ಳುವವನ ಕೈಯಲ್ಲಿ ಪೂರ್ತಿ ಬೆಲೆ ಇಲ್ಲ. ಆಗ ಹುಟ್ಟುವ ಮಾತು: "ನೀ ಇಷ್ಟು ರೊಕ್ಕ ತಗೋ, ಉಳಿದ ಬೋಜಾ ನಾ ಕಟ್ಕೋತೀನಿ."

ಮಾರುವವನ ಸಾಲವನ್ನೇ ಕೊಳ್ಳುವವನು ಹೊತ್ತುಕೊಂಡು ಆಸ್ತಿ ಪಡೆಯುವ ಈ ವ್ಯವಹಾರ ಹೊರದೇಶದಲ್ಲೂ ಉಂಟು. ಅಮೆರಿಕದಲ್ಲಿ ಇದರ ಆಕರ್ಷಣೆ ಬಡ್ಡಿಯಲ್ಲಿದೆ. ಅಲ್ಲಿ ದೀರ್ಘಾವಧಿಗೆ ಒಂದೇ ಬಡ್ಡಿ ದರದ ಮನೆಸಾಲ ಸಾಮಾನ್ಯ. ಪೇಟೆಯಲ್ಲಿ ಬಡ್ಡಿ ಏರಿದಾಗ ಹಳೆಯ ಅಗ್ಗದ ಸಾಲವೇ ಒಂದು ಆಸ್ತಿ ಇದ್ದಂತೆ. ಆದರೆ ಮನೆ ಮಾರಿದ ಕೂಡಲೇ ಪೂರ್ತಿ ಸಾಲ ಕಟ್ಟು ಎಂದು ಕೇಳುವ ಕರಾರನ್ನು ಜಾರಿಗೆ ತರುವ ಹಕ್ಕನ್ನು 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆ ಅಲ್ಲಿನ ಸಾಲಗಾರ ಸಂಸ್ಥೆಗಳಿಗೆ ಗಟ್ಟಿಮಾಡಿತು. ಸರಕಾರದ ಖಾತರಿ ಇರುವ ಕೆಲವು ಬಗೆಯ ಸಾಲಗಳನ್ನು ಮಾತ್ರ, ಒಪ್ಪಿಗೆ ಪಡೆದು, ಕೊಳ್ಳುವವರು ಮುಂದುವರಿಸಬಹುದು. ನಮ್ಮಲ್ಲಿ ಮನೆಸಾಲಗಳು ಬಹುಪಾಲು ಏರಿಳಿಯುವ ಬಡ್ಡಿಯವು, ಆದ್ದರಿಂದ ಆ ಆಸೆ ಇಲ್ಲಿಲ್ಲ. ನಮ್ಮಲ್ಲಿ ಇದು ನಡೆಯುವುದು ಇಬ್ಬರ ಕೈಯೂ ಬಿಗಿ ಇರುವುದರಿಂದ. ಲಾಭಕ್ಕಿಂತ ಅಡಚಣೆಯೇ ಇದರ ತಾಯಿ.

2. ಪದಗಳ ಬಳಗ

ಮೊದಲು ಪದ ನೋಡೋಣ. ಕನ್ನಡದಲ್ಲಿ ಅಡವು, ಅಡಮಾನ, ಒತ್ತೆ, ಭೋಗ್ಯ ಅಂತ ಇದಕ್ಕೆ ಹಲವು ಹೆಸರು. 'ಒತ್ತೆ' ದ್ರಾವಿಡ ಪದ. ತಮಿಳು, ಮಲಯಾಳಗಳ 'ಒತ್ತಿ' ಇದರ ಒಡಹುಟ್ಟು. ಅಲ್ಲಿ ಅದು ಸ್ವಾಧೀನ ಸಹಿತವಾದ ಅಡಮಾನ. ನಮ್ಮಲ್ಲಿ 'ಒತ್ತೆಯಾಳು' ಎಂಬ ಮಾತಿನಲ್ಲಿ ಅದೇ ಅರ್ಥ ಮನುಷ್ಯನಿಗೆ ಅಂಟಿದೆ: ಹಿಂದಿರುಗುವ ಆಸೆಯಿಂದ ಇನ್ನೊಬ್ಬರ ಕೈಯಲ್ಲಿ ಉಳಿದವನು. ಭೂಮಿಯೂ ಹಾಗೆಯೇ. ಒತ್ತೆ ಇಟ್ಟದ್ದು ಮಾರಿದ್ದಲ್ಲ, ಅದು ಹಿಂದಿರುಗಬೇಕು. 'ಭೋಗ್ಯ'ದಲ್ಲಿ ಸಾಲ ಕೊಟ್ಟವನು ಆಸ್ತಿಯನ್ನು ಅನುಭವಿಸುತ್ತಾನೆ, ಆ ಅನುಭೋಗವೇ ಬಡ್ಡಿ. ಬೆಂಗಳೂರಿನಲ್ಲಿ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಮನೆಯಲ್ಲಿ ಇರುವುದನ್ನು ಇಂದಿಗೂ ಭೋಗ್ಯ ಅನ್ನುತ್ತಾರೆ.

ನಮ್ಮ ಕಡೆ ಕನ್ನಡ ಆಡುವವರ ಬಾಯಲ್ಲಿ ಈ ಪದಗಳ ಜಾಗಕ್ಕೆ ಮರಾಠಿಯವು ಬಂದು ಕೂತಿವೆ. ಸ್ವಾಧೀನ ಕೊಟ್ಟರೆ 'ತಾಬೆ ಗಹಾಣ', ಕೊಡದಿದ್ದರೆ 'ನಜರ ಗಹಾಣ', ಇಂತಿಷ್ಟು ದಿನದಲ್ಲಿ ದುಡ್ಡು ಕೊಟ್ಟರೆ ಹೊಲ ತಿರುಗಿ ಬರೆದುಕೊಡುವ ಷರತ್ತಿನ ಮಾರಾಟಕ್ಕೆ 'ಮುದತ ಖರೀದಿ'. ಈ ಕೊನೆಯದರಲ್ಲಿ ಎಚ್ಚರ ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನ ಪ್ರಕಾರ, ತಿರುಗಿ ಕೊಡುವ ಷರತ್ತು ಅದೇ ಖರೀದಿಪತ್ರದ ಒಳಗೇ ಬರೆದಿದ್ದರೆ ಮಾತ್ರ ಅದು ಅಡಮಾನ ಎನಿಸಬಲ್ಲದು. ಬೇರೆ ಚೀಟಿಯಲ್ಲಿ ಬರೆದರೆ, ಬಾಯಿಮಾತಿನಲ್ಲಿ ಹೇಳಿದರೆ ಅದು ಮಾರಾಟವೇ. ಕನ್ನಡದವನು 'ಒತ್ತೆ ಇಟ್ಟೀನಿ' ಅಂದುಕೊಂಡಿರುತ್ತಾನೆ. ಕಾಗದ 'ಮಾರಿದೆ' ಅಂತಿರುತ್ತದೆ.

ಇನ್ನು 'ಬೋಜಾ'. ಮಹಾರಾಷ್ಟ್ರದ ಸಾತಬಾರಾ ಉತಾರದಲ್ಲಿ 'ಇತರ ಅಧಿಕಾರ' ಎಂಬ ಅಂಕಣದಲ್ಲಿ ಸಾಲದ ದಾಖಲೆ ಕೂಡುತ್ತದೆ. ಜನ ಅದನ್ನು ಬೋಜಾ, ಅಂದರೆ ಹೊರೆ, ಎನ್ನುತ್ತಾರೆ. ಕರ್ನಾಟಕದ ಪಹಣಿಯ 11ನೇ ಕಾಲಮಿನಲ್ಲಿ ಅದೇ ವಿಷಯಕ್ಕೆ 'ಋಣ' ಎಂಬ ಪದ ಇದೆ. ನೋಂದಣಿ ಕಚೇರಿ ಕೊಡುವುದು 'ಋಣಭಾರ' ಪ್ರಮಾಣಪತ್ರ. ಒಂದು ಕಡೆ ಭೂಮಿಯ ಮೇಲಿನ ಹೊರೆ, ಇನ್ನೊಂದು ಕಡೆ ಮನುಷ್ಯನ ಋಣ. ಈ ಎರಡೂ ಒಂದೇ ಅಲ್ಲ ಎಂಬುದೇ ಈ ಇಡೀ ವ್ಯವಹಾರದ ಬೀಗದ ಕೈ.

3. ಕಲ್ಯಾಣದಿಂದ ಸೋಲಾಪುರಕ್ಕೆ

ಈ ಭೇದ ಹೊಸದಲ್ಲ. ನಮ್ಮೂರಿನಿಂದ ಬಹಳ ದೂರವಲ್ಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಬರೆದ. ಅದರ ಋಣಾದಾನ ಪ್ರಕರಣದಲ್ಲಿ ಒತ್ತೆಗೆ 'ಆಧಿ' ಎಂದು ಹೆಸರು. ಬರೀ ಇಟ್ಟುಕೊಳ್ಳುವ ಆಧಿ ಒಂದು, ಫಲ ಉಣ್ಣುವ ಆಧಿ ಇನ್ನೊಂದು. ಸಾಲ ಇಮ್ಮಡಿಯಾದರೂ ಬಿಡಿಸದಿದ್ದರೆ ಮೊದಲನೆಯದು ಕೈ ತಪ್ಪುತ್ತದೆ. ಫಲಭೋಗ್ಯವಾದದ್ದು ಕೈ ತಪ್ಪುವುದಿಲ್ಲ. ಇನ್ನೊಂದು ನಿಯಮ: ಸತ್ತವನ ಸೊತ್ತನ್ನು ಯಾರು ತಗೋತಾರೋ ಅವರೇ ಅವನ ಋಣ ತೀರಿಸಬೇಕು. ಸೊತ್ತು ಹೋದ ದಾರಿಯಲ್ಲೇ ಸಾಲವೂ ಹೋಗುತ್ತದೆ ಎಂಬ ನ್ಯಾಯ ಇಲ್ಲಿದೆ. ಆದರೆ ಇದು ವಾರಸುದಾರನ ಮಾತು, ಕೊಳ್ಳುವವನದಲ್ಲ.

ಬಡ್ಡಿ ಅಸಲನ್ನು ಮೀರಬಾರದು ಎಂಬ 'ದಾಮದುಪ್ಪಟ' ನಿಯಮವೂ ಧರ್ಮಶಾಸ್ತ್ರದ್ದೇ. ಮುಂಬಯಿ ಇಲಾಖೆಯ ಕೋರ್ಟುಗಳು ಹಿಂದೂ ಸಾಲಗಾರರಿಗೆ ಅದನ್ನು ಅನ್ವಯಿಸುತ್ತಿದ್ದವು. ಇವತ್ತಿನ ಬ್ಯಾಂಕ್ ಸಾಲಕ್ಕೆ ಅದನ್ನು ನಂಬಿ ಕೂಡುವ ಹಾಗಿಲ್ಲ.

1875ರ ಬೇಸಿಗೆಯಲ್ಲಿ ಪುಣೆ, ಅಹ್ಮದನಗರ ಕಡೆ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಕಾಗದ ಸುಟ್ಟರು. ಅವರ ಗುರಿ ಮುಖ್ಯವಾಗಿ ಕಾಗದ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಓದಲು ಬಾರದ ಪತ್ರವೇ ಅವರ ಶತ್ರುವಾಗಿತ್ತು. ಅದರ ಬೆನ್ನಿಗೆ 1879ರಲ್ಲಿ ಡೆಕ್ಕನ್ ರೈತರ ಪರಿಹಾರ ಕಾಯ್ದೆ ಬಂತು. ಅದು ಮೊದಲು ಜಾರಿಯಾದ ನಾಲ್ಕು ಜಿಲ್ಲೆಗಳು ಪುಣೆ, ಸಾತಾರಾ, ಅಹ್ಮದನಗರ ಮತ್ತು ಸೋಲಾಪುರ. ಪತ್ರದಲ್ಲಿ ಬರೆದದ್ದನ್ನು ದಾಟಿ ನಿಜವಾದ ವ್ಯವಹಾರ ಏನಿತ್ತು ಎಂದು ಕೆದಕುವ ಅಧಿಕಾರವನ್ನು ಅದು ಕೋರ್ಟಿಗೆ ಕೊಟ್ಟಿತು. ಅಕ್ಕಲಕೋಟ ಆಗ ಭೋಸಲೆ ಮನೆತನದ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿತು.

4. ಎರಡು ಎಳೆ

ಈಗ ಕಾನೂನಿನ ಒಳಗೆ ಬರೋಣ. ಒತ್ತೆ ಇಟ್ಟು ಸಾಲ ಪಡೆದಾಗ ಎರಡು ಎಳೆ ಹುಟ್ಟುತ್ತವೆ. ಒಂದು, ಸಾಲಗಾರನ ಕೊರಳಿಗೆ ಸುತ್ತುವ ಎಳೆ: 'ನಾನು ತೀರಿಸುತ್ತೇನೆ' ಎಂಬ ವಚನ. ಇನ್ನೊಂದು, ಭೂಮಿಗೆ ಸುತ್ತುವ ಎಳೆ: ತೀರಿಸದಿದ್ದರೆ ಈ ಭೂಮಿಯಿಂದ ವಸೂಲಿ ಮಾಡುವ ಹಕ್ಕು. ಭೂಮಿ ಮಾರಿದಾಗ ಎರಡನೇ ಎಳೆ ಭೂಮಿಯ ಸಂಗಡ ಹೊಸ ಮಾಲೀಕನ ಹತ್ತಿರ ಹೋಗುತ್ತದೆ. ಮೊದಲನೆಯದು ಹಳೆಯವನ ಕೊರಳಲ್ಲೇ ಉಳಿಯುತ್ತದೆ. ತನ್ನ ಸಾಲದ ಹೊಣೆಯನ್ನು ಇನ್ನೊಬ್ಬನ ತಲೆಗೆ ಕಟ್ಟಲು ಸಾಲ ಕೊಟ್ಟವನ ಒಪ್ಪಿಗೆ ಬೇಕು. ಅವನು ಒಪ್ಪಿದರೆ ಹಳೆ ಕರಾರು ಅಳಿದು ಹೊಸದು ಬರುತ್ತದೆ. 1872ರ ಕರಾರು ಕಾಯ್ದೆಯ 62ನೇ ಕಲಮು ಹೇಳುವುದು ಇದನ್ನೇ.

ಹಾಗಾದರೆ ಒತ್ತೆ ಬಿದ್ದ ಹೊಲ ಮಾರುವವನು ಮಾರುವುದು ಏನನ್ನು? ಹೊಲವನ್ನು ಬಿಡಿಸಿಕೊಳ್ಳುವ ಹಕ್ಕಿನ ಸಮೇತ ಮಾರುತ್ತಾನೆ. ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಮು ಬಿಡಿಸಿಕೊಳ್ಳುವ ಹಕ್ಕು ಕೊಡುತ್ತದೆ. 91ನೇ ಕಲಮು ಆ ಹಕ್ಕನ್ನು ಆಸ್ತಿಯಲ್ಲಿ ಹಿತ ಇರುವ ಇತರರಿಗೂ, ಅಂದರೆ ಕೊಂಡವನಿಗೂ, ವಿಸ್ತರಿಸುತ್ತದೆ.

55ನೇ ಕಲಮು ಮಾರುವವ-ಕೊಳ್ಳುವವರ ನಡುವಿನ ಹೊಣೆ ಹಂಚುತ್ತದೆ. ಋಣಮುಕ್ತ ಎಂದು ಮಾರಿದ್ದರೆ, ಕೊಳ್ಳುವವನು ಸಾಲದ ಮೊತ್ತವನ್ನು ಬೆಲೆಯಲ್ಲಿ ಹಿಡಿದಿಟ್ಟು ನೇರವಾಗಿ ಸಾಲ ಕೊಟ್ಟವರಿಗೆ ಕಟ್ಟಬಹುದು. ಋಣ ಸಮೇತ ಎಂದು ಮಾರಿದ್ದರೆ, ಮಾಲೀಕತ್ವ ಬಂದ ದಿನದಿಂದ ಆ ಸಾಲದ ಅಸಲು ಮತ್ತು ಮುಂದಿನ ಬಡ್ಡಿ ಕೊಳ್ಳುವವನ ಪಾಲು. ಆದರೆ ಇದು ಅವರಿಬ್ಬರ ನಡುವಿನ ಮಾತು ಮಾತ್ರ. ಬ್ಯಾಂಕು ಇದಕ್ಕೆ ಕಟ್ಟುಬೀಳುವುದಿಲ್ಲ.

ಒಂದು ಲೆಕ್ಕ ಹಾಕೋಣ. ಹೊಲದ ಬೆಲೆ 20 ಲಕ್ಷ ರೂಪಾಯಿ, ಬಾಕಿ ಸಾಲ 6 ಲಕ್ಷ ಅಂದುಕೊಳ್ಳಿ. ಕೊಳ್ಳುವವನು 14 ಲಕ್ಷ ಕೊಟ್ಟು 6 ಲಕ್ಷದ ಬೋಜಾ ಹೊರುತ್ತಾನೆ. ಅವನು ಕಟ್ಟಲೇ ಇಲ್ಲ. ವರ್ಷಕ್ಕೆ ಶೇ. 12ರ ಸರಳ ಬಡ್ಡಿ ಹಿಡಿದರೂ 3 ವರ್ಷಕ್ಕೆ 2 ಲಕ್ಷ 16 ಸಾವಿರ ಬೆಳೆಯಿತು. ಬ್ಯಾಂಕು ನೋಟಿಸು ಕೊಡುವುದು ಮಾರಿದವನಿಗೆ, ಯಾಕಂದರೆ ಕೊರಳಿನ ಎಳೆ ಅಲ್ಲದ. ಹರಾಜಿಗೆ ಬರುವುದು ಕೊಂಡವನ ಹೊಲ, ಯಾಕಂದರೆ ಭೂಮಿಯ ಎಳೆ ಇಲ್ಲದ. ಒಬ್ಬನು ತಪ್ಪಿದರೆ ಇಬ್ಬರೂ ಮುಳುಗುತ್ತಾರೆ.

5. ಮೂರು ದಾರಿ

ಈ ವ್ಯವಹಾರ ಮುಗಿಸಲು ಮೂರು ದಾರಿ ಇವೆ.

ಮೊದಲನೆಯದು ಬೆಲೆಯಿಂದಲೇ ಸಾಲ ತೀರಿಸುವುದು. ಇಂಥ ದಿನಕ್ಕೆ ಇಷ್ಟು ಬಾಕಿ ಎಂದು ಬ್ಯಾಂಕಿನಿಂದ ಬರಹದಲ್ಲಿ ಪತ್ರ ತರಬೇಕು. ಮೇಲಿನ ಲೆಕ್ಕದ 6 ಲಕ್ಷ ನೇರ ಬ್ಯಾಂಕಿಗೆ, 14 ಲಕ್ಷ ಮಾರುವವನಿಗೆ. ಬ್ಯಾಂಕು ಬಾಕಿ ಇಲ್ಲ ಎಂಬ ಪತ್ರ ಮತ್ತು ಮೂಲ ಕಾಗದ ಕೊಡುತ್ತದೆ, ತಲಾಠಿ ಹತ್ತಿರ ಫೇರಫಾರ ಆಗಿ ಬೋಜಾ ಇಳಿಯುತ್ತದೆ. ಸಾಲ ಪೂರ್ತಿ ತೀರಿದ 30 ದಿನದಲ್ಲಿ ಮೂಲ ದಾಖಲೆ ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು ಎಂದು ರಿಜರ್ವ್ ಬ್ಯಾಂಕ್ ಮಾಡಿದ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕೊಳ್ಳುವವನಿಗೂ ಸಾಲ ಬೇಕಿದ್ದರೆ ಅವನ ಬ್ಯಾಂಕು ಹಳೆ ಬ್ಯಾಂಕಿಗೆ ದುಡ್ಡು ಕಟ್ಟಿ ಒತ್ತೆಯನ್ನು ತನ್ನ ಕಡೆ ತಗೋತದ. ಪೇಟೆಯಲ್ಲಿ 'ಟೇಕ್‌ಓವರ್' ಅನ್ನುವುದು ಇದಕ್ಕೇ.

ಎರಡನೆಯದು ಸಾಲ ಕೊಟ್ಟವರ ಒಪ್ಪಿಗೆ ಪಡೆದು ಕೊಳ್ಳುವವನೇ ಸಾಲಗಾರ ಆಗುವುದು. ಬ್ಯಾಂಕು ಅವನ ಆದಾಯ ನೋಡಿ ಹೊಸ ಕರಾರು ಬರೆಸುತ್ತದೆ, ಹಳೆಯವನನ್ನು ಬಿಡುಗಡೆ ಮಾಡುತ್ತದೆ. ಎರಡೂ ಎಳೆ ಒಬ್ಬನ ಕೈಗೆ ಬರುತ್ತವೆ.

ಮೂರನೆಯದು ಸಾಲ ಕೊಟ್ಟವರಿಗೆ ತಿಳಿಸದೆ ಮಾಡುವ ಖಾಸಗಿ ಏರ್ಪಾಡು. ಊರಲ್ಲಿ ಇದು ಸುಲಭ ಅಂತ ಕಾಣ್ತದ. ಅಪಾಯ ಎಲ್ಲಾ ಇಲ್ಲೇ ಅದ.

ಸಾಲ ಸಹಕಾರಿ ಸೊಸೈಟಿಯದಾದರೆ ಕಟ್ಟು ಇನ್ನೂ ಬಿಗಿ. 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯ್ದೆಯ 48ನೇ ಕಲಮಿನಂತೆ ಸದಸ್ಯ ತನ್ನ ಭೂಮಿಯ ಮೇಲೆ ಸಾಲದ ಹೊರೆ ಘೋಷಿಸುತ್ತಾನೆ. ಸಾಲ ಬಡ್ಡಿ ಸಮೇತ ತೀರುವವರೆಗೆ ಆ ಭೂಮಿಯನ್ನು ಪರಭಾರೆ ಮಾಡುವ ಹಾಗಿಲ್ಲ, ಮಾಡಿದರೆ ಅದು ಶೂನ್ಯ ಎಂದು ಕಲಮು ಹೇಳುತ್ತದೆ. ಅಂದರೆ 'ಬೋಜಾ ಸಮೇತ' ಎಂಬ ಮಾತು ಅಲ್ಲಿ ನಿಲ್ಲುವುದೇ ಕಷ್ಟ. ವ್ಯವಸಾಯಗಾರನಲ್ಲದವನು ಬರೀ ಹೂಡಿಕೆಗಾಗಿ ಹೊಲ ಕೊಳ್ಳುವುದಕ್ಕೂ ತಡೆ ಇದೆ: 1948ರ ಗೇಣಿ ಮತ್ತು ಕೃಷಿಭೂಮಿ ಕಾಯ್ದೆಯ 63ನೇ ಕಲಮು ಅನುಮತಿ ಇಲ್ಲದ ಅಂಥ ಮಾರಾಟವನ್ನು ಒಪ್ಪುವುದಿಲ್ಲ.

6. ನಮ್ಮ ಕಡೆಯ ಒಂದು ಪ್ರಸಂಗ

ಹೆಸರು ಬೇಡ. ನನಗೆ ಪರಿಚಯದ ಒಬ್ಬ ರೈತರು ಎರಡು ಎಕರೆ ಹೊಲವನ್ನು ಹೀಗೆ ತಗೊಂಡರು. ನೂರು ರೂಪಾಯಿ ಸ್ಟಾಂಪಿನ ಮೇಲೆ ಮರಾಠಿಯಲ್ಲಿ ಬರೆಸಿ ನೋಟರಿ ಮಾಡಿಸಿದರು. ಇಷ್ಟು ರೊಕ್ಕ ಮುಟ್ಟಿತು, ಉಳಿದ ಬೋಜಾ ಕೊಂಡವರು ಕಟ್ಟಬೇಕು, ತೀರಿದ ಮೇಲೆ ಖರೀದಿ ಮಾಡಿಕೊಡಬೇಕು ಅಂತ. ಅವರು ನಿಯತ್ತಿನಿಂದ ಕಂತು ಕಟ್ಟಿದರು. ರಸೀದಿ ಎಲ್ಲಾ ಮಾರಿದವರ ಹೆಸರಿಗೇ ಬಂದವು, ಯಾಕಂದರೆ ಖಾತೆ ಅವರದು. ಅಷ್ಟರಲ್ಲಿ ಮಾರಿದವರು ತೀರಿಕೊಂಡರು. ಉತಾರದಲ್ಲಿ ಮಕ್ಕಳ ಹೆಸರು ವಾರಸಿನಿಂದ ಏರಿತು. ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಸಾಲ ಕಟ್ಟಿದ್ದು ನಮ್ಮಪ್ಪ ಅಂತ ರಸೀದಿ ಅದ. ನಿಮ್ಮ ಹೊಲ ಹೆಂಗಾಗ್ತದ?"

ಅವರು ಮೋಸಗಾರರು ಅಂತ ನಾನು ಹೇಳಲಾರೆ. ಅವರು ಓದಿದ ಕಾಗದ ಹಾಗೇ ಹೇಳುತ್ತಿತ್ತು. ಕಾನೂನೂ ಕೊಂಡವರ ಕೈ ಹಿಡಿಯುವುದು ಕಷ್ಟ. ಸ್ಥಿರಾಸ್ತಿಯ ಮಾಲೀಕತ್ವ ನೋಂದಾಯಿತ ಖರೀದಿಪತ್ರದಿಂದಲೇ ದಾಟಬೇಕು. ಬರೀ ಕರಾರು, ಮುಖ್ತ್ಯಾರಪತ್ರಗಳಿಂದ ಅದು ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಸ್ವಾಧೀನದಲ್ಲಿ ಇದ್ದೇನೆ ಎಂಬ ರಕ್ಷಣೆಗೂ 2001ರ ತಿದ್ದುಪಡಿಯ ನಂತರ ಕರಾರು ನೋಂದಣಿ ಆಗಿರಬೇಕು. ಕರಾರಿನಂತೆ ಖರೀದಿ ಮಾಡಿಕೊಡಿ ಎಂದು ದಾವೆ ಹೂಡುವ ದಾರಿ ಉಳಿಯುತ್ತದೆ, ಅದಕ್ಕೂ 3 ವರ್ಷದ ಅವಧಿಯ ಮಿತಿ.

ಆ ರೈತರು ನನಗೆ ಹೇಳಿದ ಮಾತು: "ಬೋಜಾ ಇಳಿಸಿದ್ರ ಹೊಲ ನಂದೇ ಆಗ್ತದ ಅನ್ಕೊಂಡಿದ್ದೆ." ಅವರ ಕನ್ನಡದಲ್ಲಿ ಹೊರೆ ಹೊತ್ತವನೇ ಒಡೆಯ. ಕಾಗದದ ಮರಾಠಿಯಲ್ಲಿ ಹೊರೆ ಇಳಿಸಿದರೆ ಹೊಲ ಹಗುರ ಆಗುತ್ತದೆ ಅಷ್ಟೇ. ಯಾರದು ಎಂಬುದು ಬೇರೆ ಅಂಕಣದಲ್ಲಿ ಇರುತ್ತದೆ.

7. ರಾಘವಾಂಕ ಕಂಡ ಖರೀದಿ

ಇದಕ್ಕೆ ನಮ್ಮ ಕಾವ್ಯದಲ್ಲಿ ಒಂದು ಹೋಲಿಕೆ ಇದೆ. ಸೊನ್ನಲಿಗೆಯ ಸಿದ್ಧರಾಮನ ಚರಿತೆ ಬರೆದ ರಾಘವಾಂಕನೇ 'ಹರಿಶ್ಚಂದ್ರ ಕಾವ್ಯ'ವನ್ನೂ ಬರೆದ. ವಿಶ್ವಾಮಿತ್ರನ ಋಣ ತೀರಿಸಲು ಹರಿಶ್ಚಂದ್ರ ಕಾಶಿಯಲ್ಲಿ ಹೆಂಡತಿ-ಮಗನನ್ನು ಮಾರಿ, ಕೊನೆಗೆ ತನ್ನನ್ನೇ ವೀರಬಾಹುಕನಿಗೆ ಮಾರಿಕೊಳ್ಳುತ್ತಾನೆ. ವಸೂಲಿಗೆ ಬಂದ ನಕ್ಷತ್ರಿಕ ಪಕ್ಕದಲ್ಲೇ ನಿಂತಿರುತ್ತಾನೆ; ಮಾರಾಟದ ಹಣ ಸೇರುವುದು ಅವನಿಗೆ. ಬೆನ್ನು ಬಿಡದ ಸಾಲಗಾರನಿಗೆ ಕನ್ನಡದಲ್ಲಿ ನಕ್ಷತ್ರಿಕ ಎಂದೇ ಹೆಸರು ಉಳಿಯಿತು. ವ್ಯವಹಾರದ ದೃಷ್ಟಿಯಿಂದ ನೋಡಿದರೆ ಇದು ನಾನು ಹೇಳಿದ ಮೊದಲನೇ ದಾರಿ. ಮಾರುವವನು, ಕೊಳ್ಳುವವನು, ಸಾಲ ವಸೂಲಿಗೆ ಬಂದವನು ಮೂವರೂ ಒಂದೇ ಜಾಗದಲ್ಲಿ ಇದ್ದಾರೆ. ಹಣ ಸರಿಯಾದ ಕೈಗೆ ಹೋಗುತ್ತದೆ, ಋಣ ಅಲ್ಲೇ ಮುಗಿಯುತ್ತದೆ.

ಕಾರಂತರ 'ಚೋಮನ ದುಡಿ' (1933) ಇದರ ಎದುರು ಚಿತ್ರ. ಚೋಮನ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒತ್ತೆ ಇಡಲು ಭೂಮಿ ಇಲ್ಲದವನ ಸಾಲ ಮೈಗಳ ಮೇಲೆ ಕೂಡುತ್ತದೆ. ಭೂಮಿಗೆ ಬೋಜಾ ಇರುವುದೂ ಒಂದು ಭಾಗ್ಯವೇ ಎಂದು ಆ ಕಾದಂಬರಿ ಓದುವಾಗ ನನಗೆ ಅನ್ನಿಸಿದೆ.

8. ಪ್ರಶ್ನೋತ್ತರ

ಒಬ್ಬ ಸಹಪಾಠಿ ಕೇಳಿದ ಪ್ರಶ್ನೆ: ಬೋಜಾ ಸಮೇತ ಕೊಂಡ ಮೇಲೆ ಸರಕಾರ ಸಾಲಮನ್ನಾ ಮಾಡಿದರೆ ಲಾಭ ಯಾರಿಗೆ?

ಇದು ನಿಜವಾಗಿ ಜಗಳ ತರುವ ಪ್ರಶ್ನೆ. ಮಹಾರಾಷ್ಟ್ರದಲ್ಲಿ 2017ರಲ್ಲಿ ಒಂದೂವರೆ ಲಕ್ಷದವರೆಗೆ, 2019ರ ಯೋಜನೆಯಲ್ಲಿ 2 ಲಕ್ಷದವರೆಗೆ ಬೆಳೆಸಾಲ ಮನ್ನಾ ಆಯಿತು. ಮನ್ನಾ ಜಮೆ ಆಗುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಸಾಲಕ್ಕೆ. ಸಾಲ ಹೊರುತ್ತೇನೆಂದು ಬೆಲೆ ಕಡಿಮೆ ಕೊಟ್ಟವನಿಗೆ ಹೊರೆಯೇ ಇಲ್ಲದಂತಾಗುತ್ತದೆ. ಮಾರಿದವನಿಗೆ ತನ್ನ ಹೆಸರಿನ ಮನ್ನಾ ಇನ್ನೊಬ್ಬನಿಗೆ ಹೋಯಿತು ಅನ್ನಿಸುತ್ತದೆ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಇದನ್ನು ಬಿಡಿಸುವುದು ಪತ್ರದ ಒಂದು ಸಾಲು: ಮನ್ನಾ, ರಿಯಾಯಿತಿ ಬಂದರೆ ಅದು ಯಾರ ಪಾಲು ಅಂತ ಮೊದಲೇ ಬರೆದಿರಬೇಕು.

ಗುರುಗಳೊಬ್ಬರು ಕೇಳಿದ್ದು: ಹಾಗಾದರೆ ನಮ್ಮ ವಿಭಾಗ ಏನು ಮಾಡಬಹುದು?

ವಕೀಲರ ಕೆಲಸ ನಾವು ಮಾಡಲಾರೆವು. ಪದಗಳ ಕೆಲಸ ಮಾಡಬಹುದು. ಗಹಾಣ, ಬೋಜಾ, ಫೇರಫಾರ, ತಾಬಾ, ಮುದತ ಖರೀದಿ, ವಾರಸ, ಇಂಥ ಐವತ್ತು ಪದಗಳಿಗೆ ಗಡಿ ಕನ್ನಡದಲ್ಲಿ ಅರ್ಥ, ಒಂದೊಂದು ಉದಾಹರಣೆ ವಾಕ್ಯ, 'ಈ ಪದದಿಂದ ಮಾಲೀಕತ್ವ ಬರ್ತದೋ ಇಲ್ಲೋ' ಎಂಬ ಒಂದು ಟಿಪ್ಪಣಿ ಬರೆದು ಎರಡು ಹಾಳೆಯ ಕೈಪಿಡಿ ಮಾಡಬಹುದು. ಅದನ್ನು ತಾಲೂಕಿನ ಕನ್ನಡ ಶಾಲೆಗಳಿಗೆ ಕೊಡಬಹುದು. ಮನೆಯಲ್ಲಿ ಉತಾರ ಓದಿ ಹೇಳುವವರು ಬಹಳ ಸಲ ಶಾಲೆಗೆ ಹೋಗುವ ಮಕ್ಕಳೇ.

ಕೊನೆಯದಾಗಿ ಒಬ್ಬರು ಚಾಟ್‌ನಲ್ಲಿ ಬರೆದಿದ್ದರು: "ಒಂದೇ ವಾಕ್ಯದಲ್ಲಿ ಹೇಳ್ರಿ, ಬೋಜಾ ಇದ್ದ ಆಸ್ತಿ ತಗೋಬೇಕೋ ಬ್ಯಾಡೋ?"

ತಗೋಬಹುದು. ಸಾಲ ಕೊಟ್ಟವರು ಅದೇ ಮೇಜಿನ ಮುಂದೆ ಕೂತಿರಬೇಕು, ರೊಕ್ಕ ಅವರ ಕೈಗೇ ಹೋಗಬೇಕು, ಪತ್ರ ನೋಂದಣಿ ಆಗಬೇಕು, ರಸೀದಿ ಕಟ್ಟಿದವನ ಹೆಸರಿಗೆ ಇರಬೇಕು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ನಾನಂತೂ ಸಹಿ ಹಾಕಬ್ಯಾಡ್ರಿ ಅಂತೀನಿ.